ದಯವಿಟ್ಟು ನಮ್ಮ ಮನೆಯನ್ನು ಫೇಲು ಮಾಡಿ

ಕಾಶಿ ನಗರದ ಕಟ್ಟಡಗಳ ಅನಿಲ ಕೊಳವೆ ಸುರಕ್ಷತಾ ತಪಾಸಣೆಯ ಮುಖ್ಯಾಧಿಕಾರಿಗಳಿಗೆ, ಹನುಮಾನ್ ಘಾಟಿನ ಮನೆಯೊಡತಿಯೊಬ್ಬಳ ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಕಚೇರಿಯ ಕಡ್ಡಾಯ ತಪಾಸಣೆಯಲ್ಲಿ ನಮ್ಮ ಮನೆ ಪಾಸಾಗಿದೆ. ನಮ್ಮ ಮನೆಯ ಅಂಗಳದಲ್ಲಿ ಗ್ಯಾಸ್ ಪೈಪು ಸೋರುತ್ತಿದೆ. ಇವೆರಡೂ ಒಟ್ಟಿಗೆ ನಿಜವಾಗಿರುವುದು ಹೇಗೆ ಎಂದು ಕೇಳಲು ಮಳೆಗಾಲ ಶುರುವಾದಾಗಿನಿಂದ ನಿಮ್ಮ ಕಚೇರಿಯ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೇನೆ. ಸೋರುವುದನ್ನು ನಿಲ್ಲಿಸಿ ಎಂದರೆ, ಪಾಸಾದ ಮನೆಯಲ್ಲಿ ಸೋರಿಕೆ ಇರುವುದಿಲ್ಲ ಎನ್ನುತ್ತೀರಿ. ಹಾಗಾದರೆ ಪಾಸು ಮಾಡಿದ್ದನ್ನು ರದ್ದು ಮಾಡಿ ಎಂದರೆ, ಅದಕ್ಕೆ ಅವಕಾಶವಿಲ್ಲ ಎನ್ನುತ್ತೀರಿ. ಹಾಗಾಗಿ ನಾಲ್ಕು ಜನರ ಎದುರು ನಿಂತು ಕೇಳುತ್ತಿದ್ದೇನೆ, ದಯವಿಟ್ಟು ನಮ್ಮ ಮನೆಯನ್ನು ಫೇಲು ಮಾಡಿ. ಮಹಾಲಯ ಹತ್ತಿರ ಬರುತ್ತಿದೆ. ಅದಕ್ಕೆ ಮುಂಚೆ ಮಾಡಿ.

ಕಾಶಿಯ ಅಧಿಕಾರಿಗೆ ಕನ್ನಡದಲ್ಲಿ ಬರೆಯುವ ಈ ಹೆಂಗಸಿನ ತಲೆ ಸರಿಯಿದೆಯೇ ಎಂದು ಯಾರಾದರೂ ಕೇಳಬಹುದು. ಮೊದಲ ಅರ್ಜಿಯನ್ನು ಹಿಂದಿಯಲ್ಲೇ ಬರೆದೆ. ನನ್ನ ಹಿಂದಿಯನ್ನು ಮಗಳು ಶರಣ್ಯಾ ತಿದ್ದಿಕೊಟ್ಟಳು. ಆಕೆ ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡದಲ್ಲಿ ಊಟ ಕೇಳಿ ಹಿಂದಿಯಲ್ಲಿ ಜಗಳವಾಡುತ್ತಾಳೆ. ಉತ್ತರ ಬರಲಿಲ್ಲ. ಎರಡನೆಯದನ್ನು ಇಂಗ್ಲಿಷಿನಲ್ಲಿ ಬರೆದೆ. ಅದಕ್ಕೂ ಬರಲಿಲ್ಲ. ಎಲ್ಲ ಭಾಷೆಗಳನ್ನೂ ಓದದೆ ಇಡುವ ನಿಮ್ಮ ಸಮಭಾವ ಕಂಡ ಮೇಲೆ, ಬೈಯುವುದಾದರೆ ನನ್ನ ಭಾಷೆಯಲ್ಲೇ ಬೈಯೋಣ ಎನಿಸಿತು. ಇನ್ನೊಂದು ಕಾರಣವೂ ಇದೆ. ನಮ್ಮ ಮನೆಯ ಮಹಡಿಯಲ್ಲಿ ಮಲಗುವವರು ಈ ಪತ್ರ ಅಚ್ಚಾಗುವ ಕನ್ನಡ ಪತ್ರಿಕೆಯನ್ನು ಓದುವ ಜನ. ಕಲಬುರಗಿಯಿಂದ, ಬಾಗಲಕೋಟೆಯಿಂದ, ಮೈಸೂರಿನಿಂದ ಅಪ್ಪನ ಅಸ್ಥಿಯನ್ನೋ ಅಮ್ಮನ ಶ್ರಾದ್ಧದ ಸಂಕಲ್ಪವನ್ನೋ ಹೊತ್ತು ಬರುವವರು. ನೀವು ಓದದಿದ್ದರೆ ಅವರಾದರೂ ಓದಲಿ.

ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ಗಂಡ ವಿಷ್ಣುತೀರ್ಥ ಪುರೋಹಿತರು; ಕರ್ನಾಟಕದಿಂದ ಬರುವವರಿಗೆ ಘಾಟಿನಲ್ಲಿ ಕರ್ಮ ಮಾಡಿಸುತ್ತಾರೆ. ಆ ಜನ ನಮ್ಮ ಮನೆಯಲ್ಲೇ ಇಳಿದುಕೊಳ್ಳುತ್ತಾರೆ, ನಮ್ಮ ಅತ್ತೆ ಕೃಷ್ಣಮ್ಮನವರು ಮಡಿಯಲ್ಲಿ ಮಾಡಿದ ಅಡುಗೆ ಉಣ್ಣುತ್ತಾರೆ. ಅಜ್ಜ ಮುತ್ತಜ್ಜರ ಕಾಲದಿಂದ ನಡೆದುಬಂದ ಪದ್ಧತಿ ಇದು. ಮನೆಯ ಪತ್ರ ನನ್ನ ಹೆಸರಿನಲ್ಲಿರುವುದರಿಂದ ನಿಮ್ಮ ನೋಟೀಸಿನ ಭಾಷೆಯಲ್ಲಿ ‘ಕಟ್ಟಡದ ಮಾಲೀಕರು’ ಎಂದರೆ ನಾನೇ.

ಆ ನೋಟೀಸು ಬಂದಾಗ ಇಡೀ ಗಲ್ಲಿಯಲ್ಲಿ ನಿಮ್ಮ ಪರವಾಗಿ ವಾದಿಸಿದ ಒಬ್ಬಳೇ ಮೂರ್ಖಳೂ ನಾನೇ. ಕಟ್ಟಡದ ಮಾಲೀಕರೆಲ್ಲರೂ ವರ್ಷಕ್ಕೊಮ್ಮೆ ಗ್ಯಾಸ್ ಪೈಪಿನ ತಪಾಸಣೆ ಮಾಡಿಸಬೇಕು, ನೀವು ನೇಮಿಸಿದ ಏಜೆನ್ಸಿಯವರಿಂದಲೇ ಮಾಡಿಸಬೇಕು, ಪ್ರಮಾಣಪತ್ರವಿಲ್ಲದ ಮನೆಗೆ ಬೀಗ ಬೀಳುತ್ತದೆ ಎಂದು ಅದರಲ್ಲಿತ್ತು. ಇದೊಂದು ಹೊಸ ಸುಲಿಗೆ ಎಂದು ನೆರೆಯವರು ಗೊಣಗಿದರು. ನಾನು ಚಹಾದ ಅಂಗಡಿಯ ಮುಂದೆ ನಿಂತು, ಎರಡು ಎತ್ತು ಎದುರುಬದುರಾದರೆ ದಾರಿಯಿಲ್ಲದ ಈ ಗಲ್ಲಿಯೊಳಕ್ಕೆ ಬೆಂಕಿ ಆರಿಸುವ ಗಾಡಿ ಬರಲು ಸಾಧ್ಯವೇ, ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದಕ್ಕಿಂತ ಇದು ಲೇಸಲ್ಲವೇ ಎಂದು ಭಾಷಣ ಮಾಡಿದೆ. ಇವತ್ತಿಗೂ ಅದೇ ಮಾತು ಹೇಳುತ್ತೇನೆ. ನಿಯಮ ಒಳ್ಳೆಯದು. ನನ್ನ ತಕರಾರು ನಿಯಮದ ಮೇಲಲ್ಲ, ಅದನ್ನು ನೀವು ಪಾಲಿಸುತ್ತಿಲ್ಲ ಎಂಬುದರ ಮೇಲೆ.

ಈಗ ನಮ್ಮ ಮನೆಯ ಕಥೆ. ಇದರಲ್ಲಿ ನಮ್ಮ ತಪ್ಪೂ ಇದೆ, ಅದನ್ನು ನಾನು ಸೀರೆಯ ಸೆರಗಿನಲ್ಲಿ ಮುಚ್ಚಿಡುವುದಿಲ್ಲ.

ಕಾಶಿಯ ಹಳೆಯ ಮನೆಗಳು ಹೇಗಿರುತ್ತವೆ ಎಂದು ನಿಮಗೆ ಹೇಳಬೇಕಿಲ್ಲ, ಓದುಗರಿಗೆ ಹೇಳುತ್ತೇನೆ. ನಡುವೆ ಬಾವಿಯ ಹಾಗೆ ಆಳವಾದ ಅಂಗಳ, ಸುತ್ತ ಮಹಡಿಗಳು. ಒಂದೊಂದು ಮಹಡಿಯಲ್ಲೂ ಅಂಗಳದ ಬಾಯಿಗೆ ಕಬ್ಬಿಣದ ಜಾಲಿ ಹಾಕಿರುತ್ತಾರೆ. ಬೆಳಕು ಇಳಿಯಬೇಕು, ಕೋತಿ ಇಳಿಯಬಾರದು. ನಮ್ಮ ಅಂಗಳದ ನೆಲದಲ್ಲಿ ಅತ್ತೆಯವರ ತುಳಸಿಕಟ್ಟೆ ಇದೆ. ಅದರ ಪಕ್ಕದ ಗೋಡೆಯ ಮೇಲೆ, ಕೈಗೆಟುಕದ ಎತ್ತರದಲ್ಲಿ, ಹಳದಿ ಬಣ್ಣದ ಗ್ಯಾಸ್ ಪೈಪು ಅಡ್ಡಲಾಗಿ ಹಾದು ಹಿಂದಿನ ಮನೆಗಳಿಗೂ ಹೋಗುತ್ತದೆ.

ಪೈಪು ಬಂದಾಗ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವರು ಕೃಷ್ಣಮ್ಮನವರು. ಸಿಲಿಂಡರಿನ ಕಾಲದಲ್ಲಿ ಅವರಿಗೆ ನೆಮ್ಮದಿಯಿರಲಿಲ್ಲ. ಯಾರು ಯಾರೋ ಹೊತ್ತು, ಎಲ್ಲೆಲ್ಲೋ ಉರುಳಿಸಿ, ಶವಯಾತ್ರೆಗಳ ನಡುವೆ ತೂರಿಸಿಕೊಂಡು ತಂದ ಸಿಲಿಂಡರನ್ನು ಅವರು ಮೂರು ಸಲ ನೀರು ಹೊಯ್ದು ಒಳಗೆ ಸೇರಿಸುತ್ತಿದ್ದರು. ಪೈಪು ಹಾಕಿದ ದಿನ ಅದನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ ತೀರ್ಪು ಕೊಟ್ಟರು. “ಇದಕ್ಕ ಯಾರದೂ ಕೈ ತಾಗಿಲ್ಲ. ಭೂಮಿಯೊಳಗಿಂದ ನೆಟ್ಟಗ ಒಲಿಗೇ ಬರ್ತದ. ಇದು ಮಡೀನ.”

ಅಂದಿನಿಂದ ಆ ಪೈಪು ನಮ್ಮ ಮನೆಯಲ್ಲಿ ಮಡಿಯ ಗಳವಾಯಿತು. ಮಡಿ ಗೊತ್ತಿಲ್ಲದ ಎಳೆಯರು ಈ ಪತ್ರ ಓದುತ್ತಿದ್ದರೆ ಅವರಿಗೊಂದು ಮಾತು. ಸ್ನಾನ ಮಾಡಿ ಒಗೆದ ಬಟ್ಟೆಯನ್ನು ಯಾರ ಮೈಯೂ ತಾಗದಷ್ಟು ಎತ್ತರದ ಗಳದ ಮೇಲೆ ಕೋಲಿನಿಂದ ಎತ್ತಿ ಹಾಕಿ, ಒಣಗಿದ ಮೇಲೆ ಕೋಲಿನಿಂದಲೇ ಇಳಿಸಿ ಉಟ್ಟು ಅಡುಗೆಗೆ ನಿಲ್ಲುವುದು ಮಡಿ. ಹಾಗೆ ಉಟ್ಟವರನ್ನು ಅಡುಗೆ ಮುಗಿಯುವ ತನಕ ಯಾರೂ ಮುಟ್ಟುವಂತಿಲ್ಲ. ಮೊದಲಿದ್ದ ಬಿದಿರಿನ ಗಳ ಕೋತಿಗಳ ಪಾಲಾಗಿತ್ತು. ಪೈಪೋ ಗಟ್ಟಿ, ಎತ್ತರದಲ್ಲಿದೆ, ಸಾಲದ್ದಕ್ಕೆ ಶುದ್ಧ. ಅತ್ತೆಯವರ ಒಂಬತ್ತು ಗಜದ ಸೀರೆ, ಗಂಡನ ಪಂಚೆ, ಉತ್ತರೀಯ ಎಲ್ಲವೂ ನೀರು ತೊಟ್ಟಿಕ್ಕುತ್ತ ದಿನವೂ ಅಲ್ಲೇ ಒಣಗಿದವು. ಕೆಳಗೆ ನಿಂತು ನಾನು ಅದನ್ನು ವರ್ಷಗಟ್ಟಲೆ ನೋಡಿದ್ದೇನೆ. ಪೈಪಿನ ಮೇಲೆ ಒದ್ದೆ ಬಟ್ಟೆ ಹಾಕಬಾರದು ಎಂಬ ಸಣ್ಣ ಬುದ್ಧಿ ಆ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಇಂಥ ತಪ್ಪು ಗುರುತಿಸಬಲ್ಲವರು ಬಂದು ನೋಡಲಿ ಎಂದೇ ಅಲ್ಲವೇ ಸ್ವಾಮಿ, ತಪಾಸಣೆ ಎಂಬುದೊಂದನ್ನು ಕಡ್ಡಾಯ ಮಾಡುವುದು?

ಹೋಳಿ ಮುಗಿದ ಮೇಲೆ ನಿಮ್ಮ ಏಜೆನ್ಸಿಯ ತಪಾಸಕರು ಬಂದರು. ಸಭ್ಯರು, ಚಪ್ಪಲಿ ಹೊರಗೇ ಬಿಟ್ಟರು. ಸಾಬೂನಿನ ನೀರಿನ ಬಾಟಲಿಯೂ ಕೈಯಲ್ಲಿತ್ತು. ಪೈಪಿನ ಕೀಲುಕೀಲಿಗೂ ಅದನ್ನು ಚಿಮುಕಿಸಿ, ಗುಳ್ಳೆ ಏಳುತ್ತದೆಯೇ ಎಂದು ನೋಡುವುದು ಪರೀಕ್ಷೆ ಎಂದು ಅವರೇ ವಿವರಿಸಿದರು. ಪೈಪಿನ ಉದ್ದಕ್ಕೂ ಅತ್ತೆಯವರ ಸೀರೆ ಹರಡಿತ್ತು. ತಪಾಸಕರು ಅದನ್ನು ಸರಿಸಲು ಕೈ ಎತ್ತಿದ್ದೇ ತಡ, ಅಡುಗೆಮನೆಯ ಬಾಗಿಲಿನಿಂದ ಕೃಷ್ಣಮ್ಮನವರು ಈ ಊರಿನಲ್ಲಿ ಅರವತ್ತು ವರ್ಷ ಬಾಳಿ ಕಲಿತ ತಮ್ಮದೇ ಹಿಂದಿಯಲ್ಲಿ, “ಛೂನಾ ಮತ್ ಭೈಯಾ, ಮಡಿ ಹೈ” ಎಂದರು. ಮಡಿ ಎಂದರೇನು ಎಂದು ತಪಾಸಕರಿಗೆ ತಿಳಿಯಲಿಲ್ಲ. ಮುಟ್ಟಬಾರದು ಎಂಬುದು ತಿಳಿಯಿತು, ಮತ್ತು ಅಷ್ಟೇ ಸಾಕಾಯಿತು. ಕೈ ಇಳಿಸಿದರು, ದೂರದಿಂದ ಒಂದು ಫೋಟೋ ತೆಗೆದರು, ಅಮ್ಮನಿಗೆ ಕೈಮುಗಿದರು, ನಾನು ಕೊಟ್ಟ ಫಿಲ್ಟರ್ ಕಾಫಿ ಕುಡಿದು ಮೆಚ್ಚಿಕೊಂಡು ಹೊರಟರು. ಬಟ್ಟೆ ಒಣಗಿದ ಮೇಲೆ ಬರುತ್ತೀರಾ ಎಂದು ನಾನು ಕೇಳಿದೆ. ಅದರ ಅಗತ್ಯವಿಲ್ಲ ಎಂದರು. ಸಂಜೆ ಹೊತ್ತಿಗೆ ಪ್ರಮಾಣಪತ್ರ ಫೋನಿಗೆ ಬಂತು.

ಆ ಪ್ರಮಾಣಪತ್ರವನ್ನು ನೀವು ಒಮ್ಮೆ ನೋಡಬೇಕು. ಎಲ್ಲ ಕೀಲುಗಳಿಗೂ ಸಾಬೂನು ಪರೀಕ್ಷೆ ನಡೆಸಲಾಗಿದೆ, ತೃಪ್ತಿಕರ ಎಂದಿದೆ. ಪೈಪನ್ನು ಗೋಡೆಗೆ ಬಿಗಿದ ಹಿಡಿಗಳು ಭದ್ರವಾಗಿವೆ, ತುಕ್ಕು ಕಂಡುಬಂದಿಲ್ಲ ಎಂದಿದೆ. ಸಾಕ್ಷಿಗೆ ಲಗತ್ತಿಸಿದ ಫೋಟೋದಲ್ಲಿ ಪೈಪು ಕಾಣುವುದೇ ಇಲ್ಲ. ಕಾಣುವುದು ನಮ್ಮ ಅತ್ತೆಯ ಸೀರೆ. ಅಂದರೆ ಇಳಕಲ್ಲಿನ ಒಂದು ಹಳೆಯ ಸೀರೆ ಮುಂದಿನ ಹೋಳಿಯವರೆಗೆ ಸುರಕ್ಷಿತ ಎಂದು ನಿಮ್ಮ ಕಚೇರಿ ಮೊಹರು ಹಾಕಿ ಹೇಳಿದೆ. ಸೀರೆಯ ಬಗ್ಗೆ ನನಗೆ ಮೊದಲೂ ಭಯವಿರಲಿಲ್ಲ.

ಆಮೇಲೆ ವಾಸನೆ ಶುರುವಾಯಿತು. ವಾಸನೆಯ ವಿಷಯದಲ್ಲಿ ಕಾಶಿ ಬಡ ಊರಲ್ಲ. ಸಗಣಿ, ಊದುಬತ್ತಿ, ಮೋರಿ, ಕರಿದ ಕಚೋರಿ, ಮಣಿಕರ್ಣಿಕೆಯ ಕಡೆಯಿಂದ ಗಾಳಿ ತಿರುಗಿದರೆ ಚಿತೆಯ ಹೊಗೆ. ಮೊದಲು ಮೋರಿಯೆಂದುಕೊಂಡೆ. ಪಕ್ಕದ ಮನೆಯವರು ಮೂಲಂಗಿ ಬೇಯಿಸುತ್ತಿರಬೇಕು ಎಂದರು ನನ್ನ ಗಂಡ. ಮಹಡಿಯಲ್ಲಿ ಇಳಿದಿದ್ದ ರಾಯಚೂರಿನ ಕುಟುಂಬದ ಚಿದಾನಂದ ಎಂಬವರು, ತಂದೆಯ ಕರ್ಮಕ್ಕೆ ಬಂದಿದ್ದವರು, ರಾತ್ರಿಯಿಡೀ ತಲೆಭಾರ ಎಂದಾಗ ನನಗೆ ಎಚ್ಚರವಾಯಿತು. ಬಟ್ಟೆಗಳನ್ನೆಲ್ಲ ಅತ್ತೆಯವರ ಕೋಲಿನಿಂದಲೇ ಇಳಿಸಿ, ಏಣಿ ಹಾಕಿ, ಶರಣ್ಯಾಳ ಶ್ಯಾಂಪೂವನ್ನು ನೀರಿಗೆ ಕಲಸಿ ಕೀಲಿಗೆ ಸವರಿದೆ. ಗುಳ್ಳೆ ಉಬ್ಬಿತು, ಒಡೆಯಿತು, ಮತ್ತೆ ಉಬ್ಬಿತು. ಒದ್ದೆ ಬಟ್ಟೆ ಕೂತಲ್ಲೆಲ್ಲ ಹಳದಿ ಬಣ್ಣ ಹೋಗಿ ತುಕ್ಕು ತಿಂದಿತ್ತು, ಗೋಡೆಯ ಹಿಡಿ ಕಿತ್ತುಕೊಂಡು ಪೈಪು ಜೋತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

ನಿಮ್ಮ ಕಚೇರಿಗೆ ಬೇಕಂತೆ.

ತುರ್ತು ಸೇವೆಯವರು ಬಂದದ್ದು ನಿಜ, ಬೇಗ ಬಂದರು, ಅವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಮನೆಯ ವಾಲ್ವನ್ನು ಮುಚ್ಚಿದರು. ಆದರೆ ಸೋರುವ ಕೀಲು ವಾಲ್ವಿಗಿಂತ ಮೊದಲು ಇದೆ, ಹಿಂದಿನ ಮನೆಗಳಿಗೆ ಹೋಗುವ ಸಾಲಿನಲ್ಲಿ. ಕೀಲಿಗೆ ಪಟ್ಟಿ ಬಿಗಿದು, ಇದು ತಾತ್ಕಾಲಿಕ, ಆ ತುಂಡನ್ನೇ ಬದಲಾಯಿಸಬೇಕು, ಅದಕ್ಕೆ ಗಲ್ಲಿಯ ಗ್ಯಾಸನ್ನು ನಿಲ್ಲಿಸಬೇಕು, ನಿಲ್ಲಿಸಲು ತಪಾಸಣೆ ಕಚೇರಿಯ ಆದೇಶ ಬೇಕು ಎಂದರು. ಆದೇಶ ಯಾವಾಗ ಸಿಗುತ್ತದೆ? ಮನೆ ಫೇಲಾದಾಗ. ನಮ್ಮದು ಪಾಸಾಗಿದೆ. ಹೊರಗಿನ ಕೆಲಸಗಾರರಿಂದ ನಾವೇ ಮಾಡಿಸೋಣವೆಂದರೆ ಅದು ಅಪರಾಧ ಎಂದು ನಿಮ್ಮ ನೋಟೀಸಿನಲ್ಲೇ ದಪ್ಪಕ್ಷರದಲ್ಲಿದೆ. ಕೆಲವು ದಿನ ಪಟ್ಟಿ ತಡೆಯಿತು. ಈಗ ಶ್ಯಾಂಪೂ ಸವರಿದರೆ ಸಣ್ಣ ಗುಳ್ಳೆಗಳು ಮತ್ತೆ ಏಳುತ್ತಿವೆ. ತುರ್ತು ಸೇವೆಯವರು ಎರಡನೆಯ ಸಲ ಬಂದು ಪಟ್ಟಿಯ ಮೇಲೆ ಇನ್ನೊಂದು ಪಟ್ಟಿ ಬಿಗಿದು ಹೋದರು.

ಇನ್ನು ನಿಮ್ಮ ಕಚೇರಿಯ ಮಾತು. ಫೇಲಾದವರು ಪಾಸಾಗಲು ಬರುವ ಕಿಟಕಿ ಒಂದಿದೆ, ಅದರ ಮುಂದೆ ಸಾಲು ಇದೆ. ಪಾಸಾದವರು ಫೇಲಾಗಲು ಬರುವ ಕಿಟಕಿ ಇಲ್ಲ. ನಾನು ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಗುಮಾಸ್ತರು ಪ್ರಮಾಣಪತ್ರ ನೋಡಿ, ಫೋಟೋ ನೋಡಿ, ನನ್ನ ಮುಖ ನೋಡಿ ಕೇಳಿದರು. “ಪಾಸ್ ಹೋ ಗಯಾ ನ ಮೇಡಂ? ತೋ ಅಬ್ ಕ್ಯಾ ದಿಕ್ಕತ್ ಹೈ?” ಪಾಸಾಗಿದೆಯಲ್ಲ, ಇನ್ನೇನು ತೊಂದರೆ? ಸೋರುತ್ತಿದೆ ಎಂದೆ. ಪ್ರಮಾಣಪತ್ರದ ಪ್ರಕಾರ ಸೋರುತ್ತಿಲ್ಲ ಎಂದರು. ನಾನು ಫೋನಿನಲ್ಲಿ ಗುಳ್ಳೆಯ ವಿಡಿಯೋ ತೋರಿಸಿದೆ. ಅದನ್ನು ಅವರು ಸಾವಧಾನವಾಗಿ ನೋಡಿ, ವಿಡಿಯೋ ಲಗತ್ತಿಸಲು ಜಾಗವಿಲ್ಲ ಎಂದರು. ನನ್ನ ಹಿಂದೆ ನಿಂತವರು ನಕ್ಕರು. ಜನ ಪಾಸಾಗಲು ಅಳುತ್ತಾರೆ, ಈಕೆ ಫೇಲಾಗಲು ಅಳುತ್ತಿದ್ದಾಳೆ ಎಂದರು ಯಾರೋ. ನಗುವಂಥದ್ದೇ. ನಾನೂ ನಗುತ್ತಿದ್ದೆ, ಮನೆ ಬೇರೆಯವರದಾಗಿದ್ದರೆ.

ನಾಲ್ಕನೆಯ ಭೇಟಿಗೆ ಒಂದು ದಾರಿ ತೋರಿಸಿದರು. ತಪಾಸಣೆ ಸರಿಯಾಗಿ ನಡೆದಿಲ್ಲ ಎಂದು ಪ್ರಮಾಣಪತ್ರ ರದ್ದು ಮಾಡಬೇಕಾದರೆ, ಯಾಕೆ ನಡೆದಿಲ್ಲ ಎಂಬುದಕ್ಕೆ ಕಾರಣ ಬೇಕು. ತಪಾಸಕರ ತಪ್ಪು ಎಂಬ ಕಾರಣಕ್ಕೆ ಅವಕಾಶವಿಲ್ಲ. ಮನೆಯವರು ಅಡ್ಡಿಪಡಿಸಿದರು ಎಂಬುದಕ್ಕೆ ಇದೆ. ಅಡ್ಡಿಪಡಿಸಿದವರ ಹೆಸರು ಬರೆದು ಸಹಿ ಹಾಕಿಸಿ ತನ್ನಿ, ಅವರ ಮೇಲೆ ಕ್ರಮ ಆಗುತ್ತದೆ, ಮನೆಗೆ ಬೀಗವೂ ಬೀಳಬಹುದು, ಆಮೇಲೆ ಮರುತಪಾಸಣೆ. ಕೋತಿ ತಾನು ಬೆಣ್ಣೆ ತಿಂದು ಮೇಕೆಯ ಬಾಯಿಗೆ ಒರೆಸಿತು ಎಂಬ ಗಾದೆಯನ್ನು ಬಾಲ್ಯದಿಂದ ಕೇಳಿದ್ದೇನೆ. ಮೇಕೆಯೇ ಒರೆಸಿಕೊಂಡು ಸಹಿ ಹಾಕಬೇಕೆಂಬುದು ನಿಮ್ಮ ಕಚೇರಿಯ ಸುಧಾರಣೆ. ಅಡ್ಡಿಪಡಿಸಿದವರು ಎಂದರೆ ನಮ್ಮ ಅತ್ತೆ, ಎಂಬತ್ತು ದಾಟಿದವರು. ನಾನು ಬರೆಯುವುದಿಲ್ಲ ಎಂದು ಎದ್ದು ಬಂದೆ.

ನಾನು ಮೇಷ್ಟರ ಕೆಲಸದವಳು, ಮಾನ್ಯರೇ. ಫೇಲು ಮಾಡುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಫೇಲು ಮಾಡಬೇಕಾದರೆ ಉತ್ತರಪತ್ರಿಕೆ ಪೂರ್ತಿ ಓದಬೇಕು. ಪಾಸು ಮಾಡಲು ಹೆಸರು ನೋಡಿದರೆ ಸಾಕು. ನಾನು ಫೇಲು ಮಾಡಿದ ಹುಡುಗಿಯರು ನನ್ನ ಕೋಣೆಯಲ್ಲಿ ಕೂತು ಅತ್ತಿದ್ದಾರೆ, ಮನೆಯವರನ್ನು ಕರೆತಂದು ಬೈಯಿಸಿದ್ದಾರೆ, ಮರುವರ್ಷ ಓದಿ ಬರೆದು ಲಡ್ಡು ತಂದುಕೊಟ್ಟಿದ್ದಾರೆ. ನಮ್ಮ ವಾರ್ಡಿನಲ್ಲಿ ಈ ವರ್ಷ ಎಷ್ಟು ಕಟ್ಟಡಗಳು ಫೇಲಾದವು ಎಂದು ವಿಚಾರಿಸಿದೆ. ಇನ್ನೂರು ಮುನ್ನೂರು ವರ್ಷದ ಗೋಡೆಗಳು, ನೆಲದಲ್ಲಿ ಹೆಗ್ಗಣ, ಗೋಡೆಯಲ್ಲಿ ಅರಳಿಯ ಬೇರು, ಮೇಲೆ ಕೋತಿ, ಒಂದೂ ಫೇಲಾಗಿಲ್ಲವಂತೆ. ತಪಾಸಣೆಯ ಶುಲ್ಕ ಬಾಕಿಯಿರುವವರನ್ನೇ ಫೇಲಾದವರ ಸಾಲಿನಲ್ಲಿ ನಿಲ್ಲಿಸಿದ್ದೀರಿ. ಸಂಖ್ಯಾಶಾಸ್ತ್ರ ಓದದವರಿಗೂ ಅರ್ಥವಾಗುವ ಮಾತೊಂದನ್ನು ಹೇಳುತ್ತೇನೆ. ಎಲ್ಲರೂ ಪಾಸಾಗುವುದು ಪರೀಕ್ಷೆಯಲ್ಲ, ಪ್ರಸಾದ. ಕಾಶಿಯಲ್ಲಿ ಪ್ರಸಾದಕ್ಕೆ ಬರವಿಲ್ಲ, ಅದನ್ನು ಹಂಚಲು ಬೇರೆ ಇಲಾಖೆ ಬೇಕಿರಲಿಲ್ಲ.

ಒಮ್ಮೊಮ್ಮೆ ಸಂಶಯ ಬರುತ್ತದೆ. ಕಾಶಿಯಲ್ಲಿ ಸತ್ತರೆ ಮುಕ್ತಿ ಎಂಬ ನಂಬಿಕೆಯನ್ನೇ ನಿಮ್ಮ ಕಚೇರಿ ಸುರಕ್ಷತಾ ನೀತಿಯಾಗಿ ಅಂಗೀಕರಿಸಿದೆಯೇ? ಹಾಗಿದ್ದರೆ ನೋಟೀಸಿನಲ್ಲಿ ಸ್ಪಷ್ಟವಾಗಿ ಮುದ್ರಿಸಿ. ನಮ್ಮ ಮಹಡಿಯಲ್ಲಿ ಮಲಗುವವರು ತಮ್ಮ ಹಿರಿಯರ ಮುಕ್ತಿಗೆಂದು ಬಂದವರು, ತಮ್ಮದಕ್ಕಲ್ಲ. ಅವರಿಗೆ ಹಿಂತಿರುಗುವ ರೈಲಿನ ಟಿಕೆಟ್ ಇರುತ್ತದೆ.

ನಾನು ಇಷ್ಟು ಚಡಪಡಿಸುವುದು ಯಾಕೆ ಎಂದು ಈಗ ಹೇಳಬೇಕು. ಕೃಷ್ಣಮ್ಮನವರಿಗೆ ವಾಸನೆ ತಿಳಿಯುವುದಿಲ್ಲ. ಊರಿಗೂರೇ ಕೆಮ್ಮಿ ಮಲಗಿದ ಆ ಜ್ವರದ ವರ್ಷ ಅವರ ಮೂಗೂ ಹೋಯಿತು, ಮರಳಿ ಬರಲಿಲ್ಲ. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಸಾರಿಗೆ ಇಂಗು ಹಾಕಿದ್ದೇನೋ ಇಲ್ಲವೋ ಎಂದು ಎರಡನೆಯ ಸಲ ಹಾಕುತ್ತಾರೆ, ನಾವು ಮಾತಾಡದೆ ಉಣ್ಣುತ್ತೇವೆ. ಅಂಥವರು ದಿನವೂ ನಸುಕಿನಲ್ಲಿ ಗಂಗೆಯಲ್ಲಿ ಮುಳುಗಿ ಬಂದು, ಮಡಿಯುಟ್ಟು, ಆ ಪೈಪಿನ ಕೆಳಗಿನ ತುಳಸಿಗೆ ದೀಪ ಹಚ್ಚುತ್ತಾರೆ. ಅರವತ್ತು ವರ್ಷದ ರೂಢಿ. ಸೋರಿಕೆ ಗೊತ್ತಾದ ದಿನವೇ ನಾವು ಮನೆಯ ಬೆಂಕಿಕಡ್ಡಿಯನ್ನೆಲ್ಲ ಎತ್ತಿಟ್ಟೆವು, ಹಿಂದಿನ ಕೋಣೆಯಲ್ಲಿ ಕರೆಂಟಿನ ಒಲೆ ಹೂಡಿದೆವು, ದೀಪ ಬೇಡ ಎಂದು ಹೇಳಿದೆವು. ಅವರು ಹೂಂ ಎಂದರು. ಹೂಂ ಎಂದದ್ದು ನೆನಪಿನಲ್ಲಿ ಉಳಿಯಬೇಕಾದ ಮಾತು, ದೀಪ ಹಚ್ಚುವುದು ಕೈಯ ಅಭ್ಯಾಸ. ಅದಕ್ಕೇ ನಾನು ಅವರ ಮೂಗಾಗಿ ಬೆಳಗಾದರೆ ಅಂಗಳದ ಹೊಸ್ತಿಲಲ್ಲಿ ಕೂರುತ್ತೇನೆ.

ಮೊನ್ನೆ ಏಕಾದಶಿಯಂದು ಅವರು ಗಂಗೆಯಿಂದ ಬಂದರು. ಘಾಟಿನಲ್ಲಿ ದೀಪ ಬಿಡುವವರಿಂದ ಒಂದು ಬೆಂಕಿಪೊಟ್ಟಣ ಇಸಿದುಕೊಂಡಿದ್ದರೆಂದು ನನಗೆ ಗೊತ್ತಿರಲಿಲ್ಲ. ತುಳಸಿಗೆ ನೀರೆರೆದರು, ಬತ್ತಿ ಎಣ್ಣೆಯಲ್ಲಿ ಅದ್ದಿದರು, ಬಾಯಲ್ಲಿ ಸ್ತೋತ್ರ. ಸೆರಗಿನ ತುದಿ ಬಿಚ್ಚಿ ಪೊಟ್ಟಣ ತೆಗೆದರು. ಹಿಂದಿನ ರಾತ್ರಿ ಮಳೆಯೆಂದು ಮೇಲಿನ ಜಾಲಿಗೆ ಟಾರ್ಪಾಲು ಎಳೆದಿದ್ದೆವು, ತೆಗೆಯಲು ಮರೆತಿದ್ದೆವು, ಅಂಗಳದಲ್ಲಿ ಆ ಕೊಳೆತ ವಾಸನೆ ನನಗೆ ಹೊಡೆಯುತ್ತಿತ್ತು. ಕೂಗಿ ತಿಳಿಸುವಷ್ಟು ಹೊತ್ತಿರಲಿಲ್ಲ. ಓಡಿಹೋಗಿ, ಕಡ್ಡಿ ಹಿಡಿದ ಅವರ ಕೈಯನ್ನು ಎರಡೂ ಕೈಗಳಿಂದ ಬಿಗಿಹಿಡಿದೆ. ನಾನಿನ್ನೂ ಸ್ನಾನ ಮಾಡಿರಲಿಲ್ಲ, ಉಟ್ಟದ್ದು ಮೈಲಿಗೆ. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಮಡಿಯಲ್ಲಿದ್ದ ಅತ್ತೆಯನ್ನು ನಾನು ಮುಟ್ಟಿದ್ದು ಅದೇ ಮೊದಲು. ಅವರ ಮುಂಗೈ ಎಷ್ಟು ಸಣ್ಣದು ಎಂದು ನನಗೆ ಗೊತ್ತೇ ಇರಲಿಲ್ಲ.

ಅವರು ನನ್ನ ಕೈ ನೋಡಿದರು, ಪೈಪು ನೋಡಿದರು, ತಮ್ಮ ಬೆರಳಲ್ಲಿದ್ದ ಕಡ್ಡಿ ನೋಡಿದರು. ಬೈಯುತ್ತಾರೆಂದುಕೊಂಡೆ. ಕಟ್ಟೆಯ ಮೇಲೆ ಕೂತುಬಿಟ್ಟರು. ನಾನು ಅಳುತ್ತಿದ್ದೆ. “ವಾಸನಿ ಭಾಳ ಅದ ಏನು?” ಎಂದು ಕೇಳಿದರು. ಹೌದು ಎಂದೆ. ನನಗೆ ಗೊತ್ತಾಗಂಗಿಲ್ಲವ್ವಾ, ಮೂಗು ಎಂದೋ ಹೋಗ್ಯದ ಎಂದು ಮೊದಲ ಸಲ ಬಾಯಿಬಿಟ್ಟು ಹೇಳಿದರು. ಆಗ ನಾನೂ ಕಚೇರಿಯ ಕಥೆಯನ್ನೆಲ್ಲ ಹೇಳಿದೆ. ಅವರ ಹೆಸರು ಬರೆದುಕೊಡಿ ಎಂದದ್ದನ್ನು ಅಲ್ಲಿಯವರೆಗೆ ಮುಚ್ಚಿಟ್ಟಿದ್ದೆ. ಕೇಳಿ ಮುಗಿಸಿ ಅವರು ಅಂದದ್ದನ್ನು ಇದ್ದ ಹಾಗೇ ಬರೆಯುತ್ತಿದ್ದೇನೆ.

“ಬರಿ, ನನ್ನ ಹೆಸರಽ ಬರಿ. ಮುಟ್ಟಬ್ಯಾಡ ಅಂದಾಕಿ ನಾನಽ ಅಲ್ಲೇನು? ಆದರ ಆ ಸಾಹೇಬಗ ಇದನ್ನೂ ಬರಿ. ಬಂದು ಮುಟ್ಟಲಿ. ಬೂಟು ಹಾಕ್ಕೊಂಡಽ ಬರಲಿ, ಪೈಪು ಮುಟ್ಟಲಿ, ಸೀರಿ ಮುಟ್ಟಲಿ, ಬೇಕಾದರ ನನ್ನನ್ನೂ ಮುಟ್ಟಲಿ. ನಾ ಮತ್ತೊಮ್ಮೆ ಸ್ನಾನ ಮಾಡ್ತೀನಿ. ಗಂಗಿ ಎಲ್ಲಿ ಓಡಿ ಹೋಗ್ತಾಳ?”

ಹೇಳಿ, ಕಡ್ಡಿಯನ್ನು ಪೊಟ್ಟಣಕ್ಕೆ ಹಾಕಿ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟು, ಬೇರೆ ಸೀರೆ ಹಿಡಿದು ಮತ್ತೆ ಘಾಟಿನ ಮೆಟ್ಟಿಲಿಳಿದು ಹೋದರು. ಮಂಡಿನೋವಿನವರು, ಒಂದು ಸಲ ಇಳಿದು ಹತ್ತುವುದೇ ಅವರಿಗೆ ಸಾಕುಸಾಕಾಗುತ್ತದೆ.

ಮಾನ್ಯರೇ, ನಮ್ಮ ಅತ್ತೆಯ ಮಡಿಯನ್ನು ಕಂಡು ಹೊಸ ಕಾಲದವರು ನಗುತ್ತಾರೆ. ನಾನೂ ನಕ್ಕಿದ್ದೇನೆ. ಆದರೆ ಆ ಮಡಿ ಕೆಟ್ಟರೆ ಒಂದು ಸ್ನಾನದಿಂದ ಸರಿಹೋಗುತ್ತದೆ, ಮತ್ತು ಒಂದು ಜೀವ ಉಳಿಯುವುದಾದರೆ ಕೆಡಿಸಿಕೊಳ್ಳಲು ಅವರು ತಯಾರಿದ್ದಾರೆ. ನಿಮ್ಮ ಕಚೇರಿಯಲ್ಲಿ ಒಂದು ಮಡಿಯಿದೆಯಲ್ಲ, ಒಮ್ಮೆ ಪಾಸು ಎಂದು ಬರೆದ ಕಡತವನ್ನು ಯಾರೂ ಮುಟ್ಟಬಾರದು ಎಂಬುದು, ಅದು ಕೆಟ್ಟರೆ ನಿಮಗೆ ಯಾವ ಸ್ನಾನವಿದೆ? ಇಲ್ಲದ್ದರಿಂದಲೇ ಇಷ್ಟು ಹೆದರಿಕೆಯೇ?

ಈ ವರ್ಷ ಮಹಾಲಯಕ್ಕೆ ಬರುತ್ತೇವೆಂದು ಊರಿನಿಂದ ಫೋನುಗಳು ಬರಲು ಶುರುವಾಗಿವೆ. ನನ್ನ ಗಂಡ ಒಬ್ಬೊಬ್ಬರಿಗೂ ಇಲ್ಲವೆನ್ನುತ್ತಿದ್ದಾರೆ. ತಲೆಮಾರುಗಳಿಂದ ಬರುವ ಮನೆತನದವರಿಗೆ ಇಲ್ಲವೆನ್ನುವಾಗ ಅವರ ದನಿ ಇಳಿದುಹೋಗುತ್ತದೆ. ಹಾಗಾದರೆ ಎಲ್ಲಿ ಇಳಿಯೋಣ ಎಂದು ಅವರು ಕೇಳುತ್ತಾರೆ. ಪಕ್ಕದ ಗಲ್ಲಿಯ ಛತ್ರಕ್ಕೆ ಹೋಗಿ ಎನ್ನಬಹುದು, ಮಠದ ವಸತಿಗೆ ಹೋಗಿ ಎನ್ನಬಹುದು. ಅಲ್ಲಿನ ಪೈಪು ಹೇಗಿದೆಯೋ ನನಗೆ ಗೊತ್ತಿಲ್ಲ. ಅವೂ ಪಾಸಾಗಿವೆ ಎಂಬುದೊಂದೇ ಗೊತ್ತಿರುವುದು, ನನಗೆ ನಿದ್ದೆ ಬಾರದಿರುವುದು ಅದಕ್ಕೇ.

ಕೃಷ್ಣಮ್ಮನವರು ಕನ್ನಡದಲ್ಲಿ ಸಹಿ ಹಾಕಿದ ಹೇಳಿಕೆ ನಿಮ್ಮ ಕಿಟಕಿಗೆ ನಿನ್ನೆ ತಲುಪಿದೆ. ಅಡ್ಡಿಪಡಿಸಿದವರು ಎಂಬ ಜಾಗದಲ್ಲಿ ಅವರ ಹೆಸರಿದೆ. ಕ್ರಮ ಜರುಗಿಸಿ, ಬೇಕಾದರೆ ಬೀಗ ಹಾಕಿ, ನಾವು ಮಠದ ಜಗುಲಿಯಲ್ಲಿ ಮಲಗುತ್ತೇವೆ. ಆದರೆ ಅದಕ್ಕೆ ಮೊದಲು ನಮ್ಮ ಪ್ರಮಾಣಪತ್ರವನ್ನು ರದ್ದು ಮಾಡಿ, ಆ ತುಂಡು ಪೈಪನ್ನು ಬದಲಿಸುವ ಆದೇಶ ಕೊಡಿ. ನಮ್ಮ ವಾರ್ಡಿನಲ್ಲಿ ಪಾಸಾದ ಅಷ್ಟೂ ಮನೆಗಳಿಗೆ, ಛತ್ರಗಳಿಗೆ, ಮಠಗಳಿಗೆ ತಪಾಸಕರನ್ನು ಮತ್ತೆ ಕಳಿಸಿ, ಈ ಸಲ ಕೈಯಿಂದ ಮುಟ್ಟಿ ನೋಡಿ ಬರಲಿ. ಪಾಸಾದವರೂ ದೂರು ಕೊಡಲು ಒಂದು ಕಿಟಕಿ ತೆರೆಯಿರಿ. ಇದೆಲ್ಲ ಮಹಾಲಯದ ಪಾಡ್ಯಕ್ಕೆ ಮುಂಚೆ ಆಗಬೇಕು. ಮತ್ತು ಸಾಧ್ಯವಾದರೆ ನೀವೇ ಒಂದು ಬೆಳಿಗ್ಗೆ ಬನ್ನಿ. ಪೈಪಿನ ಮೇಲೆ ಈಗ ಬಟ್ಟೆ ಇಲ್ಲ. ತುಳಸಿಯ ಮುಂದೆ ಎಣ್ಣೆಯಲ್ಲಿ ಅದ್ದಿದ ಬತ್ತಿ ಹಚ್ಚದೆ ಹಾಗೇ ಇರುತ್ತದೆ, ಅದರ ಮುಂದೆ ಒಬ್ಬ ಮುದುಕಿ ಕೈಮುಗಿದು ಕೂತಿರುತ್ತಾರೆ, ಹೊಸ್ತಿಲಲ್ಲಿ ನಾನು ಕೂತಿರುತ್ತೇನೆ. ಬೆಂಕಿಪೊಟ್ಟಣ ನನ್ನ ಹತ್ತಿರ ಇದೆ. ಪೈಪು ಸರಿಯಾದ ದಿನ ಅದನ್ನು ಅತ್ತೆಯವರಿಗೆ ವಾಪಸು ಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಮುಂದಿನ ಹೋಳಿಯವರೆಗೆ ಸುರಕ್ಷಿತಳಾದ,
ವಸುಮತಿ ವಿಷ್ಣುತೀರ್ಥ
ಹನುಮಾನ್ ಘಾಟ್, ಕಾಶಿ